ಮೃದಂಗದವರ ಹೆಸರು ಹಾಕುತ್ತೀರಿ, ಟಿಂಪನಿಯವರ ಹೆಸರೇಕೆ ಬಿಡುತ್ತೀರಿ?

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಬೆಂಗಳೂರಿನಲ್ಲಿ ಹ್ಯಾಂಡೆಲ್‌ನ ‘ಮೆಸ್ಸಾಯ’ (ನಮ್ಮ ಬೈಬಲ್ಲಿನ ಮೆಸ್ಸೀಯ) ಎಂಬ ಕ್ರಿಸ್ತಕಥೆಯ ವೃಂದಗಾನ ಎಲ್ಲಾದರೊಂದು ಕಡೆ ಕೇಳಿಸುತ್ತದೆ. ಅಪರೂಪಕ್ಕೆ ಇಡಿಯಾಗಿ, ಹೆಚ್ಚಿನ ಸಲ ಆಯ್ದ ಭಾಗಗಳಾಗಿ. ಮರುದಿನದ ವರದಿಗೊಂದು ಸಿದ್ಧ ಅಚ್ಚು ಇದೆ. ಕಂಡಕ್ಟರ್ (ಕೈಸನ್ನೆಯಲ್ಲಿ ವೃಂದವನ್ನು ನಡೆಸುವವರು) ಹೆಸರು, ನಾಲ್ವರು ಏಕಗಾಯಕರ ಹೆಸರು, ಮುಖ್ಯ ಅತಿಥಿಗಳ ಹೆಸರು, ದೀಪ ಬೆಳಗಿದವರ ಹೆಸರು. ಉಳಿದ ಎಂಬತ್ತಕ್ಕೂ ಹೆಚ್ಚು ಜನ ‘ಮತ್ತು ತಂಡದವರು’. ಅದೇ ಪುಟದ ಕೆಳಗೆ ಬಡಾವಣೆಯ ಗುಡಿಯಲ್ಲಿ ನಡೆದ ಕಛೇರಿಯ ಸುದ್ದಿ ಎರಡೇ ಸಾಲಿದ್ದರೂ ಪಿಟೀಲು ಯಾರು, ಮೃದಂಗ ಯಾರು, ಘಟ ಯಾರು ಎಂಬುದು ಬಿಡದೆ ಅಚ್ಚಾಗಿರುತ್ತದೆ. (ತಂಬೂರಿಯವರನ್ನು ಬಿಡುವ ಚಾಳಿ ಅಲ್ಲೂ ಉಂಟು, ಅದು ಬೇರೆ ಪತ್ರಕ್ಕಾಯಿತು.) ಪಕ್ಕವಾದ್ಯದವರ ಹೆಸರಿಲ್ಲದೆ ಕಛೇರಿಯ ಸುದ್ದಿ ಪೂರ್ತಿಯಾಗದು ಎಂಬುದು ಕನ್ನಡ ಪತ್ರಿಕೆಗಳ ಒಳ್ಳೆಯ ರೂಢಿ. ಅದನ್ನೇ ಇತ್ತಲೂ ಕೊಂಚ ಎಳೆಯಿರಿ ಎನ್ನುವುದಷ್ಟೇ ನಮ್ಮ ಕೋರಿಕೆ.

ಹೆಸರು ಬರೆದಿಟ್ಟರೆ ಏನು ಲಾಭ ಎಂಬುದಕ್ಕೆ ಈ ಕೃತಿಯೇ ಸಾಕ್ಷಿ. ಹ್ಯಾಂಡೆಲ್ ಇದನ್ನು 1741ರ ಆಗಸ್ಟ್ 22ರಿಂದ ಸೆಪ್ಟೆಂಬರ್ 14ರೊಳಗೆ, 24 ದಿನಗಳಲ್ಲಿ ಬರೆದ. ಬೈಬಲ್ ವಾಕ್ಯಗಳನ್ನು ಆಯ್ದು ಜೋಡಿಸಿಕೊಟ್ಟವನು ಚಾರ್ಲ್ಸ್ ಜೆನೆನ್ಸ್. ಮೊದಲ ಪ್ರದರ್ಶನ 1742ರ ಏಪ್ರಿಲ್ 13ರಂದು ಡಬ್ಲಿನ್‌ನ ಫಿಶಾಂಬಲ್ ಬೀದಿಯ ಸಂಗೀತ ಸಭಾಂಗಣದಲ್ಲಿ. ಜಾಗ ಸಾಲದೆಂದು ಹೆಂಗಸರು ಲಂಗದೊಳಗಿನ ಬಳೆ ತೊಡದೆ, ಗಂಡಸರು ಕತ್ತಿ ಕಟ್ಟದೆ ಬರಬೇಕೆಂದು ಮೊದಲೇ ಪ್ರಕಟಣೆ ಕೊಟ್ಟಿದ್ದರು. ಇವೆಲ್ಲ ಎಲ್ಲರೂ ಬರೆಯುವ ಸಂಗತಿ. ಆದರೆ ಹ್ಯಾಂಡೆಲ್ ಎಷ್ಟು ಜನರನ್ನು ಇಟ್ಟುಕೊಂಡು ಇದನ್ನು ನಡೆಸುತ್ತಿದ್ದ ಎಂಬುದು ಇಂದು ನಮಗೆ ಖಚಿತವಾಗಿ ಗೊತ್ತಿರುವುದು ಯಾವ ವಿಮರ್ಶಕನಿಂದಲೂ ಅಲ್ಲ, ಲಂಡನ್ನಿನ ಫೌಂಡ್ಲಿಂಗ್ ಆಸ್ಪತ್ರೆಯ ಲೆಕ್ಕದ ಪುಸ್ತಕದಿಂದ. ಅದು ಹೆಸರಿಗಷ್ಟೇ ಆಸ್ಪತ್ರೆ, ನಿಜದಲ್ಲಿ ತೊರೆದ ಕೂಸುಗಳನ್ನು ಸಾಕುವ ಮನೆ. ಅದರ ಸಹಾಯಾರ್ಥ ಅಲ್ಲಿ ವರ್ಷವರ್ಷವೂ ‘ಮೆಸ್ಸಾಯ’ ನಡೆಯುತ್ತಿತ್ತು. 1754ರ ಪ್ರದರ್ಶನಕ್ಕೆ ಯಾರಿಗೆ ಎಷ್ಟು ಕೊಟ್ಟೆವೆಂದು ಗುಮಾಸ್ತರು ಹೆಸರು ಹಿಡಿದು ಬರೆದಿಟ್ಟರು. ಪಿಟೀಲು 14, ವಿಯೊಲಾ 6, ಚೆಲ್ಲೊ 3, ಡಬಲ್ ಬಾಸ್ 2, ಓಬೊ 4, ಬಸೂನ್ 4, ಹಾರ್ನ್ 2, ಟ್ರಂಪೆಟ್ 2, ಟಿಂಪನಿ (ಕೊಪ್ಪರಿಗೆಯಂಥ ನಗಾರಿ) ಒಬ್ಬರು: ಒಟ್ಟು 38. ಹಾಡುವವರೋ, ಚಾಪೆಲ್ ರಾಯಲ್‌ನ 6 ಬಾಲಕರು, 13 ಗಂಡಸರು, ಮೇಲೆ ಐವರು ಏಕಗಾಯಕರು. ಹಾಡುವವರಿಗಿಂತ ನುಡಿಸುವವರೇ ಹೆಚ್ಚು! ಇಂದು ನಾವು 60 ಜನರನ್ನು ಹಾಡಲು ನಿಲ್ಲಿಸಿ 25 ವಾದ್ಯಗಳನ್ನು ಕೂರಿಸುತ್ತೇವೆ. ಲೆಕ್ಕ ಪೂರಾ ತಲೆಕೆಳಗು. ಇನ್ನೊಂದು ಸೋಜಿಗವೆಂದರೆ ಕೃತಿಯ ಲಿಪಿಯಲ್ಲಿ ಹಾರ್ನ್‌ಗೆ ಒಂದು ಸಾಲೂ ಇಲ್ಲ. ಇಬ್ಬರು ಹಾರ್ನ್‌ನವರು ಬಂದಿದ್ದರು, ನುಡಿಸಿದ್ದರು ಎಂಬುದು ದುಡ್ಡು ಕೊಟ್ಟ ಲೆಕ್ಕದಿಂದ ಮಾತ್ರ ತಿಳಿಯುತ್ತದೆ. ಹ್ಯಾಂಡೆಲ್ ತನ್ನ ಉಯಿಲಿನಲ್ಲಿ ಕೃತಿಯ ಪ್ರತಿಯನ್ನೂ ವಾದ್ಯವಾರು ಹಾಳೆಗಳನ್ನೂ ಅದೇ ಸಂಸ್ಥೆಗೆ ಬಿಟ್ಟುಹೋದ. ಆ ಹಾಳೆಗಳನ್ನು ನೋಡಿದರೆ ಏಕಗಾಯಕರ ಪ್ರತಿಯಲ್ಲೇ ಮೇಳದ (ಕೂಡಿ ಹಾಡುವವರ) ಸಾಲುಗಳೂ ಇವೆ. ಅಂದರೆ ಅವರು ತಮ್ಮ ಹಾಡು ಮುಗಿಸಿ ಶಾಲು ಹೊದ್ದು ಕೂರುತ್ತಿರಲಿಲ್ಲ, ಮೇಳಕ್ಕೂ ದನಿಗೂಡಿಸುತ್ತಿದ್ದರು.

ಆಮೇಲೆ ಈ ಕೃತಿ ಊದಿಕೊಂಡಿತು. 1784ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ 500ಕ್ಕೂ ಮೀರಿದ ಕಲಾವಿದರು, 1857ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಎರಡು ಸಾವಿರದಷ್ಟು ಗಾಯಕರು. ಹೆಸರು ಬರೆಯುವ ರೂಢಿ ತಪ್ಪಿ ತಲೆ ಎಣಿಸುವ ರೂಢಿ ಬಿದ್ದದ್ದು ಆ ಜಾತ್ರೆಗಳಿಂದಲೇ ಇರಬೇಕು ಎಂಬುದು ನಮ್ಮ ಗುಮಾನಿ.

ಇನ್ನು ಆ ‘ತಂಡದವರು’ ಮಾಡುವುದೇನು ಎಂಬ ವಿಷಯ. ಮೇಳದಿಂದಲೇ ಶುರುಮಾಡೋಣ. 60 ಜನರ ಮೇಳದಲ್ಲಿ ಸೊಪ್ರಾನೊ (ಹೆಂಗಸರ ಮೇಲುದನಿ) 18, ಆಲ್ಟೊ (ಹೆಂಗಸರ ತಗ್ಗುದನಿ) 16, ಟೆನರ್ (ಗಂಡಸರ ಮೇಲುದನಿ) 12, ಬಾಸ್ (ಗಂಡಸರ ತಗ್ಗುದನಿ) 14 ಇದ್ದರೆ ತೂಕ ಸರಿಹೋಗುತ್ತದೆ. ಟೆನರ್ 12 ಎಲ್ಲೂ ಸಿಗುವುದಿಲ್ಲ, 5 ಸಿಕ್ಕರೆ ಪುಣ್ಯ. ಹಾಗಾಗಿ ತಗ್ಗು ಶಾರೀರದ ಇಬ್ಬರು ಮೂವರು ಹೆಂಗಸರನ್ನು ಆಲ್ಟೊದಿಂದ ಟೆನರ್ ಸಾಲಿಗೆ ದಾಟಿಸುತ್ತಾರೆ. ಹ್ಯಾಂಡೆಲ್‌ನ ಕಾಲಕ್ಕೆ ಮೇಳದಲ್ಲಿ ಆಲ್ಟೊ ಹಾಡುತ್ತಿದ್ದವರು ಕಳ್ಳಶಾರೀರದ ಗಂಡಸರು. ಆದ್ದರಿಂದ ಆ ಸಾಲು ಹೆಂಗಸರಿಗೆ ಎಷ್ಟೋ ಕಡೆ ತೀರಾ ಕೆಳಗೆ ಬೀಳುತ್ತದೆ, ಕೇಳಿಸುವುದೇ ಇಲ್ಲ. ‘ಆಲ್ಟೊ ಮಂಕಾಗಿತ್ತು’ ಎಂದು ಬರೆಯುವ ಮುನ್ನ ಇದನ್ನು ನೆನೆದರೆ ಉಪಕಾರ.

ಎಲ್ಲರಿಗೂ ಗೊತ್ತಿರುವ ‘ಫಾರ್ ಅಂಟು ಅಸ್ ಎ ಚೈಲ್ಡ್ ಈಸ್ ಬಾರ್ನ್’ ನೋಡಿ. ‘ಬಾರ್ನ್’ ಎಂಬ ಒಂದೇ ಪದದ ಮೇಲೆ ಸೊಪ್ರಾನೊಗಳು ಮೂರು ಬಾರ್‌ಗೂ ಹೆಚ್ಚು (ಬಾರ್ ಎಂದರೆ ತಾಳದ ಒಂದು ಆವರ್ತದಂತೆ) ಉದ್ದದ ಬಿರ್ಕಾ ಓಡಿಸಬೇಕು. ಇದು ಮೂಲದಲ್ಲಿ ಮೇಳಕ್ಕೆಂದು ಬರೆದದ್ದೇ ಅಲ್ಲ. ಅದೇ 1741ರ ಜುಲೈನಲ್ಲಿ ಹ್ಯಾಂಡೆಲ್ ಇಬ್ಬರು ಪಳಗಿದ ಗಾಯಕರಿಗೆಂದು ಒಂದು ಇಟಾಲಿಯನ್ ಯುಗಳಗೀತೆ ಮಾಡಿದ್ದ. ಅದರ ಧಾಟಿಯನ್ನೇ ಎತ್ತಿ ಇಲ್ಲಿ ಕೂರಿಸಿದ. ಅದರ ಮೊದಲ ಪದ ‘ನೋ’, ಪ್ರೇಮದೇವತೆಗೆ ಹೇಳುವ ‘ಇಲ್ಲ, ನಿನ್ನನ್ನು ನಂಬೆ’. ಅಲ್ಲಿ ಒತ್ತು ಬೇಕೇಬೇಕು. ಅದೇ ಜಾಗಕ್ಕೆ ಇಂಗ್ಲಿಷಿನ ‘ಫಾರ್’ ಬಂದು ಕೂತಿತು. ಒತ್ತಿದರೆ ಅರ್ಥ ಕೆಡುತ್ತದೆ. ಆದ್ದರಿಂದ ‘ಫಾರ್’ ಹಗುರ ಮಾಡಿ ‘ಚೈಲ್ಡ್’ ಕಡೆಗೆ ವಾಲಬೇಕು. ಓಟ ಕಲಸಿಹೋಗುವುದಕ್ಕೆ ಕಾರಣ ಎರಡು. ಒಂದು, ಪ್ರತಿ ಸ್ವರಕ್ಕೂ ‘ಹ’ ಸೇರಿಸುವುದು: ‘ಹ-ಹ-ಹ’ ಎನ್ನುತ್ತ ಹೋದರೆ ಉಸಿರು ಅರ್ಧ ದಾರಿಯಲ್ಲೇ ಖಾಲಿ. ಎರಡು, ಬಾರ್ ಗೆರೆ ಬಂದಲ್ಲೆಲ್ಲ ಎಲ್ಲರೂ ಒಟ್ಟಿಗೆ ಉಸಿರೆಳೆಯುವುದು. ಮದ್ದು ಹಳೆಯದೇ. ಅರ್ಧ ಕಾಲದಲ್ಲಿ ‘ದು ದು’ ಎಂದು ಹಾಡಿಸಿ, ನಾಲ್ಕು ಸ್ವರಕ್ಕೊಂದು ಒತ್ತು ಕೊಡಿಸಿ, ನಂತರ ಅಕಾರಕ್ಕೆ ತಂದು, ಕಾಲ ಏರಿಸುವುದು. ಉಸಿರಿಗೆ ನಿಯಮವೂ ಇದೆ. ಪಕ್ಕದವರು ತೆಗೆದುಕೊಂಡಲ್ಲಿ ನೀವು ತೆಗೆದುಕೊಳ್ಳಬೇಡಿ. ದನಿ ತಗ್ಗಿಸಿ ಹೊರಬನ್ನಿ, ಎರಡು ಸ್ವರ ಬಿಡಿ, ದನಿ ತಗ್ಗಿಸಿಯೇ ಒಳಸೇರಿ. ಕೇಳುವವರಿಗೆ ಸಾಲು ಕಡಿಯುವುದೇ ಇಲ್ಲ. ಕನ್ನಡದವರಿಗೆ ಇನ್ನೊಂದು ಎಡವಟ್ಟು ಪದದ ಕೊನೆಯ ವ್ಯಂಜನ. ನಮ್ಮ ನಾಲಗೆಗೆ ‘ಬಾರ್ನ್’ ಸುಲಭವಾಗಿ ‘ಬಾರ್ನು’ ಆಗುತ್ತದೆ. ಇನ್ನು ‘ಸ್ಟ್ರೈಪ್ಸ್’ ಎಂಬಲ್ಲಿ ಅರವತ್ತು ಜನ ‘ಸ್’ ಅಂದರೆ ಪ್ರೆಶರ್ ಕುಕ್ಕರ್ ನೆನಪಾಗುತ್ತದೆ. ಸಾಲಿಗೆ ಇಬ್ಬರಿಗೆ ಮಾತ್ರ ಆ ‘ಸ್’ ಒಪ್ಪಿಸಿ ಉಳಿದವರಿಗೆ ಬಿಡಲು ಹೇಳುವುದು ವಾಡಿಕೆ.

ಆ ‘ಸ್ಟ್ರೈಪ್ಸ್’ ಬರುವ ಮೇಳಗಾನಕ್ಕೆ ಒಬ್ಬ ಸಾಮಾನ್ಯ ಗಾಯಕನ ಹೆಸರು ಅಂಟಿಕೊಂಡಿದೆ. ಡಬ್ಲಿನ್‌ಗೆ ಹೊರಟ ಹ್ಯಾಂಡೆಲ್ ಅನುಕೂಲದ ಗಾಳಿ ಬೀಸದೆ ಚೆಸ್ಟರ್‌ನಲ್ಲಿ ತಂಗಿದ್ದಾಗ ಊರಿನ ಗಾಯಕರನ್ನು ಸೇರಿಸಿ ಹಾಡಿಸಿ ನೋಡಿದನಂತೆ. ಬಾಸ್ ಹಾಡಿದ ಮುದ್ರಕ ಜಾನ್ಸನ್ ಇದೇ ಹಾಡಿನಲ್ಲಿ ಮುಗ್ಗರಿಸಿದ. ನೋಡಿದ ಕೂಡಲೇ ಹಾಡಬಲ್ಲೆ ಅಂದೆಯಲ್ಲ ಎಂದು ಹ್ಯಾಂಡೆಲ್ ಗದರಿದರೆ, ಹೌದು ಸ್ವಾಮಿ, ಮೊದಲ ಸಲ ನೋಡಿದಾಗ ಅಲ್ಲ ಎಂದನಂತೆ. ಆಗ ಅಲ್ಲೇ ಓದುತ್ತಿದ್ದ ಹುಡುಗ ಚಾರ್ಲ್ಸ್ ಬರ್ನಿ ಮುಂದೆ ಇದನ್ನು ಬರೆದಿಟ್ಟ.

ಮೇಳದ ನಿಜವಾದ ಪರೀಕ್ಷೆ ಅಬ್ಬರದ ‘ಹಲ್ಲೆಲೂಯ’ದಲ್ಲಲ್ಲ, ಮೂರನೆಯ ಭಾಗದ ‘ಸಿನ್ಸ್ ಬೈ ಮ್ಯಾನ್ ಕೇಮ್ ಡೆತ್’ನಲ್ಲಿ. ಅಲ್ಲಿ ಕೆಲವೇ ಬಾರ್‌ಗಳ ಕಾಲ ವಾದ್ಯಗಳೆಲ್ಲ ನಿಲ್ಲುತ್ತವೆ. ತಂಬೂರಿ ಇಲ್ಲ, ಶ್ರುತಿಪೆಟ್ಟಿಗೆ ಇಲ್ಲ, ಬರಿ ಗಂಟಲು. ಅದೂ ಮೆಲ್ಲಗೆ, ಅರ್ಧರ್ಧ ಸ್ವರ ಜಾರುವ ನಡೆ. ಆಮೇಲೆ ವಾದ್ಯವೃಂದ ಒಮ್ಮೆಲೇ ವೇಗದಲ್ಲಿ ನುಗ್ಗುತ್ತದೆ. ಮೇಳದ ಶ್ರುತಿ ಕೂದಲೆಳೆ ಇಳಿದಿದ್ದರೂ ಆ ಕ್ಷಣ ಬಯಲು. ಇದಾದ ಮೇಲೆ ಇನ್ನೊಮ್ಮೆ ಅದೇ ಸತ್ವಪರೀಕ್ಷೆ. ಶ್ರುತಿ ಇಳಿಯುವುದು ಹೆಚ್ಚಾಗಿ ಕಿವಿಯ ದೋಷದಿಂದಲ್ಲ. ಮೆಲ್ಲಗೆ ಹಾಡುವಾಗ ಉಸಿರಿನ ಒತ್ತಡ ಸಡಿಲಿ, ಬಾಯಿ ಅರೆಮುಚ್ಚಿ, ‘ಡೆತ್’ನ ‘ಎ’ಕಾರ ಕಪ್ಪಾಗುವುದರಿಂದ. ರೆಕಾರ್ಡ್ ಕೇಳಿ ಬಾಯಿಪಾಠ ಮಾಡುವವರಿಗೆ ಇನ್ನೊಂದು ಗುಂಡಿ ಕಾದಿರುತ್ತದೆ. ಹಳೆಯ ವಾದ್ಯಗಳ ತಂಡಗಳ ರೆಕಾರ್ಡುಗಳಲ್ಲಿ ‘ಎ’ ಸ್ವರಕ್ಕೆ ಸೆಕೆಂಡಿಗೆ 415 ಕಂಪನ, ಇಲ್ಲಿನ ಪಿಯಾನೊದಲ್ಲಿ 440. ಅರ್ಧ ಸ್ವರದ ವ್ಯತ್ಯಾಸ. ಮನೆಯಲ್ಲಿ ಸರಾಗವಾಗಿದ್ದ ಮೇಲಿನ ಸ್ವರ ಅಭ್ಯಾಸಕ್ಕೆ ಬಂದಾಗ ಗಂಟಲಿಗೆ ಎಟಕುವುದಿಲ್ಲ.

‘ಹಲ್ಲೆಲೂಯ’ದ ಕೊನೆಯ ಕೂಗಿಗೆ ಮುನ್ನ ಪೂರ್ತಿ ಮೌನವೊಂದಿದೆ, ಕೊನೆಯ ‘ಆಮೆನ್’ಗೂ ಹಾಗೆಯೇ. ಎಣಿಕೆ ತಪ್ಪಿದ ಒಬ್ಬನೇ ಒಬ್ಬ ಟೆನರ್ ಆ ಮೌನದಲ್ಲಿ ‘ಹ’ ಅಂದುಬಿಟ್ಟರೆ ಮೂರು ತಿಂಗಳ ದುಡಿಮೆಗೆ ಅದೇ ನೆನಪು ಉಳಿಯುತ್ತದೆ. ಅದಕ್ಕೇ ಆ ಪುಟದ ಮೇಲೆ ಎಲ್ಲರೂ ಪೆನ್ಸಿಲ್ಲಿನಲ್ಲಿ ಕನ್ನಡಕದ ಚಿತ್ರ ಬರೆದಿರುತ್ತಾರೆ: ಕಣ್ಣೆತ್ತಿ ಕಂಡಕ್ಟರನ್ನು ನೋಡು ಎಂದು. ನಿಲ್ಲುವುದೂ ಒಂದು ಕೆಲಸ. ಮಂಡಿ ಬಿಗಿಹಿಡಿದು ನಿಂತರೆ ರಕ್ತ ಕಾಲಿನಲ್ಲಿ ಉಳಿದು ತಲೆ ಸುತ್ತಿ ಬೀಳುತ್ತಾರೆ. ಮೆಟ್ಟಿಲಿನ ಹಿಂದಿನ ಸಾಲಿನಿಂದ ಬಿದ್ದರೆ ಪೆಟ್ಟು ಜೋರು. ಮಂಡಿ ಸಡಿಲ, ಕಾಲ್ಬೆರಳು ಆಡುತ್ತಿರಲಿ, ಮೂರು ಗಂಟೆ ಮೊದಲು ಊಟ ಮುಗಿಸಿರಲಿ ಎಂಬುದು ಪ್ರತಿ ಸಲವೂ ಹೇಳುವ ಮಾತು.

ಮೇಳದಾಚೆಗೆ, ನಮ್ಮ ಪಿಟೀಲಿನವರಿಗೆ ಸಾಟಿಯಾಗಿ ಹೆಸರು ಹಾಕಲೇಬೇಕಾದವರು ಒಂದು ಚೆಲ್ಲೊ ಮತ್ತು ಒಂದು ಹಾರ್ಪ್ಸಿಕಾರ್ಡ್ (ತಂತಿ ಮೀಟುವ, ಪಿಯಾನೊದಂಥ ಹಳೆಯ ವಾದ್ಯ) ಅಥವಾ ಆರ್ಗನ್ ನುಡಿಸುವವರು. ಏಕಗಾಯಕರಿಗೆ ನಡುನಡುವೆ ಕುರ್ಚಿ ಉಂಟು, ಇವರಿಗಿಲ್ಲ. ಎರಡೂಕಾಲು ಗಂಟೆಯ ಸಂಗೀತದಲ್ಲಿ ಹೆಚ್ಚುಕಡಿಮೆ ಎಲ್ಲ ಅಂಕಗಳಲ್ಲೂ (ಕೃತಿಯ ಬಿಡಿ ಹಾಡುಗಳಲ್ಲೂ) ನುಡಿಸುತ್ತಲೇ ಇರಬೇಕು. ಹಾರ್ಪ್ಸಿಕಾರ್ಡ್‌ನವರ ಮುಂದೆ ಇರುವುದು ಕೆಳಗಿನ ಸಾಲು ಮಾತ್ರ, ಅದರ ಅಡಿಯಲ್ಲಿ ಅಂಕಿಗಳು. 6 ಎಂದಿದ್ದರೆ ಆ ಸ್ವರದ ಮೇಲೆ ಮೂರನೆಯ ಹಾಗೂ ಆರನೆಯ ಸ್ವರ ಕೂಡಿಸು ಎಂದರ್ಥ. ಬಲಗೈ ಏನು ಮಾಡಬೇಕೆಂಬುದು ಅವರ ಮನೋಧರ್ಮ. ಮಾತಿನಂತೆ ಹಾಡುವ ಭಾಗಗಳಲ್ಲಿ ಕಂಡಕ್ಟರ್ ಕೈ ಕೆಳಗಿಳಿಸುತ್ತಾರೆ. ಗಾಯಕ ಎಲ್ಲಿ ಎಳೆಯುತ್ತಾನೋ ಎಲ್ಲಿ ಬಿಡುತ್ತಾನೋ ನೋಡಿಕೊಂಡು ಹಿಂಬಾಲಿಸುವವರು ಈ ಇಬ್ಬರೇ, ಥೇಟ್ ಆಲಾಪನೆಗೆ ಪಿಟೀಲು ನೆರಳಾದಂತೆ. ಸಾಲಿನ ಕೊನೆಯ ಎರಡು ಮೀಟು ಗಾಯಕ ಮುಗಿಸುವಾಗಲೇ ಬೀಳಬೇಕೋ ಮುಗಿಸಿದ ಮೇಲೋ ಎಂಬುದನ್ನು ಅಭ್ಯಾಸದಲ್ಲೇ ಮಾತಾಡಿಕೊಳ್ಳದಿದ್ದರೆ ಚೆಲ್ಲೊ ಮುಂದೆ, ಹಾರ್ಪ್ಸಿಕಾರ್ಡ್ ಹಿಂದೆ. ಸಭೆ ತುಂಬಿ, ದೀಪ ಉರಿದು, ಎಸಿ ಹಾಕಿದರೆ ಹಾರ್ಪ್ಸಿಕಾರ್ಡ್ ಶ್ರುತಿ ಬಿಡುತ್ತದೆ. ನೀವೆಲ್ಲ ಕಾಫಿಗೆ ಎದ್ದುಹೋದ ಇಪ್ಪತ್ತು ನಿಮಿಷ ಒಬ್ಬರು ವೇದಿಕೆಯ ಮೇಲೆ ಬಗ್ಗಿ ಕೀಲಿ ತಿರುಗಿಸುತ್ತಿರುತ್ತಾರೆ. ಆ ಹೊತ್ತಿನಲ್ಲಿ ಸ್ಪೀಕರಿನಲ್ಲಿ ಚಿತ್ರಗೀತೆ ಹಾಕುವ ಸಂಘಟಕರಿಗೆ ಏನು ಹೇಳುವುದು?

ಟ್ರಂಪೆಟ್‌ನವರ ಪಾಡು ಇದಕ್ಕೆ ತದ್ವಿರುದ್ಧ, ಕಾಯುವುದೇ ಕೆಲಸ. ಇಡೀ ಕೃತಿಯಲ್ಲಿ ಅವರು ನುಡಿಸುವುದು ನಾಲ್ಕೇ ಕಡೆ: ದೇವದೂತರ ‘ಗ್ಲೋರಿ ಟು ಗಾಡ್’, ‘ಹಲ್ಲೆಲೂಯ’, ಬಾಸ್ ಗಾಯಕನ ‘ದ ಟ್ರಂಪೆಟ್ ಶಲ್ ಸೌಂಡ್’, ಕೊನೆಯ ಮೇಳ. ಮೊದಲನೆಯದಕ್ಕೆ ‘ದೂರದಿಂದ, ತುಸು ಮೆಲ್ಲಗೆ’ ಎಂದು ಹ್ಯಾಂಡೆಲ್ಲೇ ಇಟಾಲಿಯನ್ನಿನಲ್ಲಿ ಸೂಚಿಸಿದ್ದಾನೆ. ಹಾಗಾಗಿ ಅವರನ್ನು ಬಾಗಿಲಾಚೆಗೋ ಮೇಲಿನ ಗ್ಯಾಲರಿಗೋ ಕಳಿಸುತ್ತಾರೆ. ಅಲ್ಲಿಂದ ಕಂಡಕ್ಟರ್ ಕಾಣುವುದಿಲ್ಲ. 17 ಮೀಟರ್ ದೂರದ ದನಿ ಸಭೆಗೆ ಮುಟ್ಟಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಬೇಕು; ಕೇಳಿಸಿಕೊಂಡು ನುಡಿಸಿದರೆ ತಡ ಇಮ್ಮಡಿ. ಕಿವಿಗೆ ‘ಮುಂದೆ ಹೋದೆ’ ಅನ್ನಿಸುವಷ್ಟು ಮೊದಲೇ ನುಡಿಸಿದರಷ್ಟೇ ಒಳಗೆ ತಾಳಕ್ಕೆ ಕೂರುತ್ತದೆ. ಮೊಬೈಲಿನ ವಿಡಿಯೊ ಕರೆಯಲ್ಲಿ ಕಂಡಕ್ಟರನ್ನು ತೋರಿಸುವ ಜಾಣತನ ಬೇಡ, ಅದೂ ತಡವಾಗುತ್ತದೆ. ಬಾಗಿಲ ಸಂದಿಯಲ್ಲಿ ನಿಂತು ಕೈ ತೋರುವ ಒಬ್ಬ ಮನುಷ್ಯನೇ ವಾಸಿ. ಅವನ ಹೆಸರೂ ಎಲ್ಲೂ ಇರುವುದಿಲ್ಲ.

ಅಲ್ಲಿಂದ ‘ಹಲ್ಲೆಲೂಯ’ದವರೆಗೆ ಒಂದು ಗಂಟೆಗೂ ಮೀರಿದ ಮೌನ. ಹಿತ್ತಾಳೆ ತಣ್ಣಗಾದರೆ ಶ್ರುತಿ ಇಳಿಯುತ್ತದೆ, ತುಟಿ ಒಣಗಿದರೆ ಸ್ವರ ಒಡೆಯುತ್ತದೆ. ಆದ್ದರಿಂದ ಅವರು ಮಡಿಲಲ್ಲಿ ವಾದ್ಯ ಮಗುವಿನಂತೆ ತಬ್ಬಿಕೊಂಡು, ಸದ್ದಿಲ್ಲದೆ ಬೆಚ್ಚನೆ ಉಸಿರೂದುತ್ತ ಕೂತಿರುತ್ತಾರೆ. ಆಮೇಲೆ ಬರುವ ‘ದ ಟ್ರಂಪೆಟ್ ಶಲ್ ಸೌಂಡ್’ ಇಡಿಯಾಗಿ ಹಾಡಿದರೆ ಎಂಟೊಂಬತ್ತು ನಿಮಿಷ, ಪಲ್ಲವಿಗೆ ಮರಳುವ ರಚನೆ. ಹ್ಯಾಂಡೆಲ್‌ನ ಕಾಲದ ಟ್ರಂಪೆಟ್ಟಿಗೆ ಗುಂಡಿಗಳಿರಲಿಲ್ಲ. ಒಂದೇ ಕೊಳವೆಯ ಮೇಲಿನ ಸ್ವಯಂಭೂ ಸ್ವರಗಳನ್ನು ತುಟಿಯಲ್ಲೇ ಆರಿಸಬೇಕಿತ್ತು, ಅದರಲ್ಲಿ ಹನ್ನೊಂದನೆಯದೂ ಹದಿಮೂರನೆಯದೂ ಹುಟ್ಟಿನಿಂದಲೇ ಅಪಶ್ರುತಿ. ಮೊಜಾರ್ಟ್ 1789ರಲ್ಲಿ ಈ ಕೃತಿಯನ್ನು ವಿಯೆನ್ನಾಕ್ಕೆ ಹೊಂದಿಸುವಾಗ ಆ ಮೇಲಿನ ಸ್ಥಾಯಿಯ ಕಲೆ ಕಳೆದುಹೋಗುತ್ತಿತ್ತು. ಟ್ರಂಪೆಟ್ಟಿನ ಸಾಲನ್ನು ಅವನು ತಿದ್ದಬೇಕಾಯಿತು. ಈಗಿನವರು ಪುಟ್ಟ ಪಿಕೊಲೊ ಟ್ರಂಪೆಟ್ ಬಳಸುತ್ತಾರೆ. ಸುಲಭವಾಯಿತು ಅಂದುಕೊಳ್ಳಬೇಡಿ: ತಪ್ಪಿದರೆ ಬಚ್ಚಿಟ್ಟುಕೊಳ್ಳಲು ಅಲ್ಲಿ ಯಾರ ಮರೆಯೂ ಇಲ್ಲ.

ಟಿಂಪನಿಯವರು ಇನ್ನೂ ಹೆಚ್ಚು ಕಾಯುತ್ತಾರೆ. ಅವರಿಗಿರುವುದು ‘ಹಲ್ಲೆಲೂಯ’ ಮತ್ತು ಕೊನೆಯ ಮೇಳ, ಎರಡೇ. ಡಿ ಸ್ವರಕ್ಕೆ ಒಂದು, ಎ ಸ್ವರಕ್ಕೆ ಒಂದು, ಎರಡು ಕೊಪ್ಪರಿಗೆ. ಕೊನೆಯ ಮೇಳ ಡಿ ಮೇಜರಿನಲ್ಲಿ, ಅಂದರೆ ಡಿ ಅದರ ಷಡ್ಜ. ಅದಕ್ಕೆ ಕೊಂಚ ಮೊದಲು ಆಲ್ಟೊ ಮತ್ತು ಟೆನರ್ ಇ-ಫ್ಲಾಟ್‌ನಲ್ಲಿ ಹಾಡುತ್ತಿರುತ್ತಾರೆ, ಅಂದರೆ ಅರ್ಧ ಸ್ವರ ಮೇಲೆ. ಇಡೀ ಸಭೆ ಒಂದು ಷಡ್ಜದಲ್ಲಿ ಮುಳುಗಿರುವಾಗ ಇವರು ಚರ್ಮಕ್ಕೆ ಕಿವಿಯಿಟ್ಟು, ಬೆರಳ ತುದಿಯಲ್ಲಿ ತಟ್ಟಿ, ಅದರ ಪಕ್ಕದ ಇನ್ನೊಂದು ಷಡ್ಜ ಹುಡುಕಬೇಕು. ಮೃದಂಗದವರು ತನಿಗೆ ಮುನ್ನ ಕಲ್ಲು ಹಿಡಿದು ಶ್ರುತಿ ಮಾಡಿಕೊಳ್ಳುವುದನ್ನು ಕಂಡ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನಿಬ್ಬರು ವೇದಿಕೆಯ ಮೇಲೆ ಕಾಣುವುದೇ ಇಲ್ಲ. ಅಭ್ಯಾಸದ ಪಿಯಾನೊ ನುಡಿಸುವವರು ವಾರಕ್ಕೆರಡು ಗಂಟೆಯಂತೆ ಹನ್ನೆರಡು ವಾರ ಇಡೀ ವಾದ್ಯವೃಂದವಾಗಿರುತ್ತಾರೆ. ವಾದ್ಯದವರು ಬಂದ ದಿನದಿಂದ ಅವರ ಕೆಲಸ ಮುಗಿಯಿತು. ಮತ್ತೊಬ್ಬರು ಹಾಳೆಗಳ ಉಸ್ತುವಾರಿಯವರು. ಮೊದಲ ಪಿಟೀಲು 6, ಎರಡನೆಯದು 5, ವಿಯೊಲಾ 4, ಚೆಲ್ಲೊ 3, ಡಬಲ್ ಬಾಸ್ 1 ಎಂದರೆ ಇಬ್ಬರಿಗೊಂದು ಸ್ಟ್ಯಾಂಡಿನಂತೆ 11 ಪ್ರತಿ ಬೇಕು. ಕಮಾನು ಎಲ್ಲಿ ಮೇಲೆ ಎಲ್ಲಿ ಕೆಳಗೆ ಎಂಬುದನ್ನು ಮುಖ್ಯ ಪಿಟೀಲಿನವರಿಂದ ಪಡೆದು ಎಲ್ಲದರಲ್ಲೂ ಪೆನ್ಸಿಲ್ಲಿನಿಂದ ಗುರುತು ಹಾಕಬೇಕು, ಪೆನ್ನು ಮುಟ್ಟುವಂತಿಲ್ಲ. ಬೇರೆ ಬೇರೆ ಮುದ್ರಣಗಳಲ್ಲಿ ಅಂಕಗಳ ಸಂಖ್ಯೆ ಒಂದೇ ಅಲ್ಲ: ಒಂದರಲ್ಲಿ 53, ಇನ್ನೊಂದರಲ್ಲಿ 47. ಮೇಳದ ಕೈಯಲ್ಲಿ ಒಂದು, ವಾದ್ಯದವರ ಕೈಯಲ್ಲಿ ಇನ್ನೊಂದು ಸಿಕ್ಕಿದರೆ ‘44ನೇದು ತೆಗೆಯಿರಿ’ ಎಂದ ಕೂಡಲೇ ಗದ್ದಲ. ಅದನ್ನು ಹೋಲಿಸಿ ಪಟ್ಟಿ ಮಾಡುವ ಕೆಲಸ ಇವರದೇ.

ಇದೆಲ್ಲ ಪರದೇಶದ ಸಂಗೀತ, ನಮ್ಮ ಪತ್ರಿಕೆಗೆ ಇಷ್ಟೇಕೆ ಎನ್ನಬಹುದು. ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಂದಿನಿಂದ ಬೆಳೆದ ಚರ್ಚುಗಳಲ್ಲಿ ಕನ್ನಡ ಗೀತೆಗಳನ್ನು ನಾಲ್ಕು ದನಿಯಲ್ಲಿ ಹಾಡುವವರು ಈಗಲೂ ಇದ್ದಾರೆ. ಇಷ್ಟು ಸಾಕೆಂದು ಭಾವಿಸುತ್ತೇವೆ.

ಜಾಗದ ಲೆಕ್ಕವನ್ನೂ ಹೇಳಿಬಿಡುತ್ತೇವೆ. 60 ಗಾಯಕರು, 25 ವಾದಕರು ಅಂದರೆ ಹೆಸರೊಂದಕ್ಕೆ ಎರಡು ಪದದಂತೆ 170 ಪದ. ಸಣ್ಣ ಅಕ್ಷರದಲ್ಲಿ ಒಂದು ಕಾಲಮ್ಮಿನ ಅರ್ಧಕ್ಕೂ ಸಾಲದು. ಅಷ್ಟೂ ಆಗದಿದ್ದರೆ ಮುಖ್ಯ ಪಿಟೀಲು, ಚೆಲ್ಲೊ, ಹಾರ್ಪ್ಸಿಕಾರ್ಡ್, ಇಬ್ಬರು ಟ್ರಂಪೆಟ್, ಟಿಂಪನಿ, ಅಭ್ಯಾಸದ ಪಿಯಾನೊ: ಏಳು ಹೆಸರು. ಪಟ್ಟಿಯನ್ನು ಆಮಂತ್ರಣ ಪತ್ರಿಕೆಯಿಂದ ಎತ್ತಬೇಡಿ, ಅದು ಮೂರು ವಾರ ಮೊದಲೇ ಅಚ್ಚಾಗಿರುತ್ತದೆ. ಹಿಂದಿನ ಸಂಜೆಯ ಅಭ್ಯಾಸದಲ್ಲಿ ಹಾಳೆಗಳ ಉಸ್ತುವಾರಿಯವರನ್ನು ಕೇಳಿದರೆ ಕೊಡುತ್ತಾರೆ. ನೆಗಡಿ ಹಿಡಿದ ಟೆನರಿನ ಹೆಸರು ಅದರಲ್ಲಿ ಹೊಡೆದುಹಾಕಿರುತ್ತದೆ, ಬದಲಿಗೆ ಬಂದ ಎರಡನೆಯ ಟ್ರಂಪೆಟ್‌ನವರ ಹೆಸರು ಪೆನ್ಸಿಲ್ಲಿನಲ್ಲಿ ಬರೆದಿರುತ್ತದೆ.

ಇತಿ,
ವೃಂದಗಾನದ ಕೆಲವು ಅಭ್ಯಾಸಿಗಳು, ಬೆಂಗಳೂರು